ತಳ ಕೊನೆಗೆ ನೋಡಿ: ಹಳೆಯ ಇಂಗ್ಲಿಷ್ ಪಿಂಗಾಣಿ ಹೂದಾನಿ ಕೊಳ್ಳುವ ಬಗೆ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಕಾರ್ ಬೂಟ್ ಸೇಲಿಗೆ ಹೋಗಿದ್ದೆ. ಮೈದಾನದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಮನೆಯ ಹಳೆ ಸಾಮಾನು ಮಾರುವ ಸಂತೆ ಅದು. ಒಂದು ಮೇಜಿನ ಮೇಲೆ ಗುಲಾಬಿ ಬಿಡಿಸಿದ ಪಿಂಗಾಣಿ ಹೂದಾನಿ ಇತ್ತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಎತ್ತಿದೆ, ತಳ ನೋಡೋಣ ಅಂತ ತಲೆಕೆಳಗು ಮಾಡಿದೆ. ಅದಕ್ಕೊಂದು ಮುಚ್ಚಳ ಇದೆ ಅಂತ ಗೊತ್ತಾಗಿದ್ದು, ಅದು ಮೇಜಿನ ಅಂಚಿಗೆ ಬಡಿದು ಹುಲ್ಲಿನ ಮೇಲೆ ಬಿದ್ದ ಮೇಲೆ. ಮುಚ್ಚಳದ ತುದಿಯಲ್ಲಿದ್ದ ಮೊಗ್ಗು ಮುರಿದಿತ್ತು. ಮಾರುತ್ತಿದ್ದ ಅಜ್ಜಿ ಒಂದು ಮಾತೂ ಆಡಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಕೇಳಿದಷ್ಟು ದುಡ್ಡು ಕೊಟ್ಟು ತಂದೆ. ಅಂಟು ಹಾಕಿದ ಮೊಗ್ಗಿನ ಸಮೇತ ಅದು ಈಗಲೂ ನಮ್ಮ ಕಪಾಟಿನಲ್ಲಿದೆ.

ಅಂದಿನಿಂದ ನಾನು ಪಾಲಿಸುವ ನಿಯಮ ಒಂದೇ. ತಳ ಕೊನೆಗೆ. ಮುಚ್ಚಳ ಬೀಳುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹೂದಾನಿಯಲ್ಲಿ ನಕಲು ಮಾಡಲು ಎಲ್ಲಕ್ಕಿಂತ ಸುಲಭವಾದದ್ದು ತಳದ ಮುದ್ರೆ, ಅಂದರೆ ಕಾರ್ಖಾನೆಯ ಗುರುತು. ಜೇಡಿ, ಮೆರುಗು (ಮೇಲಿನ ಗಾಜಿನಂಥ ಲೇಪ), ಕುಂಚದ ಕೆಲಸ, ಚಿನ್ನ ಇವನ್ನು ನಕಲು ಮಾಡುವುದು ಕಷ್ಟ. ಮೊದಲೇ ಮುದ್ರೆ ನೋಡಿಬಿಟ್ಟರೆ ಕಣ್ಣು ಮಿಕ್ಕಿದ್ದನ್ನು ನೋಡುವುದನ್ನೇ ಬಿಡುತ್ತದೆ. "ವುಸ್ಟರ್ ಅಂತ ಬರೆದಿದೆಯಲ್ಲ" ಎಂದು ಮನಸ್ಸು ಒಪ್ಪಿಬಿಡುತ್ತದೆ.

ಅಂದ ಹಾಗೆ ಅದು ವುಸ್ಟರ್, ಪಿಂಗಾಣಿಗೆ ಹೆಸರಾದ ಇಂಗ್ಲೆಂಡಿನ ಊರು. ಅಕ್ಷರ ಕೂಡಿಸಿ ಓದಿ 'ವರ್ಸೆಸ್ಟರ್' ಎಂದು ಕೇಳಿದರೆ, ನೀವು ಹೊಸಬರು ಎಂದು ಅಂಗಡಿಯವರಿಗೆ ಆಗಲೇ ಗೊತ್ತಾಗುತ್ತದೆ. ಪಿಂಗಾಣಿಯ ಇನ್ನೊಂದು ಊರು ಡರ್ಬಿ ಅಲ್ಲ, ಡಾರ್ಬಿ. ಚೌಕಾಸಿ ಶುರುವಾಗುವುದು ಇಲ್ಲಿಂದಲೇ.

ಮೊದಲು ಸ್ವಲ್ಪ ಹಿನ್ನೆಲೆ

ಪಿಂಗಾಣಿಯ ಗುಟ್ಟು ಬಹುಕಾಲ ಚೀನಾದವರ ಕೈಯಲ್ಲೇ ಇತ್ತು. ಯುರೋಪಿನಲ್ಲಿ ಅದನ್ನು ಮೊದಲು ಬಿಡಿಸಿದ್ದು ಜರ್ಮನಿಯವರು. ಮೈಸೆನ್ ಕಾರ್ಖಾನೆ 1710ರಲ್ಲಿ ಶುರುವಾಯಿತು. ಇಂಗ್ಲೆಂಡಿನವರು ಕೈಹಾಕಿದ್ದು 1740ರ ದಶಕದಲ್ಲಿ. ಲಂಡನ್ನಿನಲ್ಲಿ ಚೆಲ್ಸಿ ಮತ್ತು ಬೋ, ಆಮೇಲೆ 1750ರ ಹೊತ್ತಿಗೆ ಡಾರ್ಬಿ, 1751ರಲ್ಲಿ ವುಸ್ಟರ್.

ಇವರಿಗೆ ಚೀನಾದವರ ಪಾಕ ಗೊತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಬೆರಕೆ ಮಾಡಿಕೊಂಡರು. ಇಂಥ ಬೆರಕೆಗೆ ಮೃದು ಪಿಂಗಾಣಿ ಎನ್ನುತ್ತಾರೆ. ಬೋದವರು ಮೂಳೆಯ ಬೂದಿ ಸೇರಿಸಿದರು. ವುಸ್ಟರ್‌ನವರು ಕಾರ್ನ್‌ವಾಲಿನಿಂದ ಬಳಪದ ಕಲ್ಲು ತರಿಸಿ ಪುಡಿಮಾಡಿ ಹಾಕಿದರು. ಹೌದು, ನಮ್ಮ ಬೇಲೂರು ಹಳೇಬೀಡಿನ ಶಿಲ್ಪಗಳ ಕಲ್ಲಿನ ಜಾತಿಯದೇ. ಅದರಿಂದಾಗಿ ವುಸ್ಟರ್ ಪಾತ್ರೆಗಳು ಕುದಿಯುವ ನೀರು ಸುರಿದರೂ ಸೀಳುತ್ತಿರಲಿಲ್ಲ. ಚಹಾ ಕುಡಿಯುವ ದೇಶದಲ್ಲಿ ಇದು ದೊಡ್ಡ ವಿಷಯ, ಅಲ್ವಾ? 1768ರಲ್ಲಿ ಪ್ಲಿಮತ್ತಿನ ವಿಲಿಯಂ ಕುಕ್‌ವರ್ದಿ ಎಂಬವನು ಕಾರ್ನ್‌ವಾಲಿನ ಬಿಳಿಜೇಡಿ ಬಳಸಿ ಚೀನಾದಂಥ ಗಟ್ಟಿ ಪಿಂಗಾಣಿಗೆ ಪೇಟೆಂಟ್ ಪಡೆದ. ಅದು ಹೆಚ್ಚು ದಿನ ನಡೆಯಲಿಲ್ಲ. 1800ರ ಆಸುಪಾಸಿನಲ್ಲಿ ಸ್ಟೋಕ್ ಊರಿನ ಸ್ಪೋಡ್ ಕಾರ್ಖಾನೆಯಲ್ಲಿ ಒಂದು ಅಳತೆ ಗಟ್ಟಿಯಾಯಿತು. ಅರ್ಧ ಮೂಳೆಯ ಬೂದಿ, ಕಾಲು ಬಿಳಿಜೇಡಿ, ಕಾಲು ಕಾರ್ನ್‌ವಾಲಿನ ಕಲ್ಲಿನ ಪುಡಿ. ಇದೇ ಬೋನ್ ಚೈನಾ. ಮಿಂಟನ್, ಕೋಲ್‌ಪೋರ್ಟ್, ಡಾರ್ಬಿ ಎಲ್ಲರೂ ಇದೇ ದಾರಿ ಹಿಡಿದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೂದಿ ಅಂದರೆ ಹೆಚ್ಚಾಗಿ ದನದ ಮೂಳೆಯ ಬೂದಿ. ದೇವರ ಮನೆಯಲ್ಲಿ ಹೂ ಇಡೋಕೆ ಚೆನ್ನಾಗಿರುತ್ತೆ ಅಂತ ಊರಿಗೆ ಒಯ್ಯುವವರು ಇದ್ದಾರೆ. ಮನೆಯ ಹಿರಿಯರಿಗೆ ಮೊದಲೇ ತಿಳಿಸಿ ಕೊಡುವುದು ಒಳ್ಳೆಯದು.

ಪೇಟೆಯಲ್ಲಿ ನಿಮ್ಮ ಕೈಗೆ ಸಿಗುವುದು ಬಹುಪಾಲು 1870ರಿಂದ 1920ರೊಳಗಿನ ಮಾಲು. 18ನೇ ಶತಮಾನದ್ದು ಸಂತೆಯಲ್ಲಿ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಖುಷಿಪಡಿ, ದುಡ್ಡು ಮಾತ್ರ ಆಗಲೇ ತೆಗೆಯಬೇಡಿ.

ಹೆಜ್ಜೆ 1: ಮುಟ್ಟುವ ಮುಂಚೆ

ಉಂಗುರ, ಬಳೆ, ವಾಚು ತೆಗೆಯಿರಿ. ಕೊರಳಿನ ಸರ ಒಳಗೆ ಸೇರಿಸಿ. ಮುಚ್ಚಳ ಇದ್ದರೆ ಮೊದಲು ಅದನ್ನು ತೆಗೆದು ಬಟ್ಟೆಯ ಮೇಲೆ ಇಡಿ. ಹೂದಾನಿಯನ್ನು ಕಿವಿ ಹಿಡಿದು ಎತ್ತಬೇಡಿ, ಕಂಠ ಹಿಡಿದೂ ಎತ್ತಬೇಡಿ. ಒಂದು ಕೈ ತಳದಡಿ, ಇನ್ನೊಂದು ಕೈ ಹೊಟ್ಟೆಗೆ. ಮಗುವನ್ನು ಎತ್ತಿಕೊಂಡ ಹಾಗೆ. ಅಂಗಡಿಯಲ್ಲಾದರೆ "ಎತ್ತಿ ನೋಡಬಹುದಾ" ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಡ ಎಂದದ್ದು ನಾನು ನೋಡಿಲ್ಲ.

ಹೆಜ್ಜೆ 2: ತಟ್ಟಿ, ಬೆಳಕು ಹಾಯಿಸಿ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಅದೇ ವಿದ್ಯೆ. ಹೂದಾನಿಯನ್ನು ಅಂಗೈ ಮೇಲೆ ನಿಲ್ಲಿಸಿ, ಬಾಯಿಯ ಅಂಚಿಗೆ ಉಗುರಿನಿಂದ ಮೆತ್ತಗೆ ತಟ್ಟಿ. ಸರಿಯಿರುವ ಪಿಂಗಾಣಿ ಠಣ್ ಅಂತ ಎಳೆದು ನುಡಿಯುತ್ತದೆ. ಎಲ್ಲೋ ಸೀಳಿದ್ದರೆ ಡಬ್ ಅಂತ ಸತ್ತ ಸದ್ದು. ದಪ್ಪ ಮೈಯ, ಕಿವಿ ಅಂಟಿಸಿದ ಹೂದಾನಿಗಳು ಸರಿಯಿದ್ದರೂ ಅಷ್ಟಾಗಿ ನುಡಿಯುವುದಿಲ್ಲ. ಹಾಗಾಗಿ ಸದ್ದು ಒಂದನ್ನೇ ನಂಬಬೇಡಿ.

ಆಮೇಲೆ ಮೊಬೈಲಿನ ಟಾರ್ಚ್ ಹಾಕಿ ಬಾಯಿಯೊಳಗೆ ಬೆಳಕು ಬಿಡಿ. ಮೈ ತೆಳುವಾಗಿದ್ದರೆ ಹೊರಗಿನಿಂದ ಬೆಳಕು ಕಾಣುತ್ತದೆ. ಕಪ್ಪು ನೀಲಿ ಬಳಿದ ಕಡೆ ಕಾಣುವುದಿಲ್ಲ, ಬಿಳಿ ಜಾಗ ಹುಡುಕಿ. ಬೋನ್ ಚೈನಾದಲ್ಲಿ ಬೆಳಕು ಬೆಚ್ಚಗಿನ ಬಿಳಿ. 18ನೇ ಶತಮಾನದ ವುಸ್ಟರ್ ಆದರೆ ತಿಳಿ ಹಸಿರು ಛಾಯೆ. ಹಳೆಯ ಚೆಲ್ಸಿಯಲ್ಲಿ ಅಲ್ಲಲ್ಲಿ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಬಲ್ಲವರು ಅವನ್ನು ಚಂದ್ರ ಎನ್ನುತ್ತಾರೆ. ತೆಳುವಾದ ಬಿಳಿ ಜಾಗದಲ್ಲೂ ಬೆಳಕು ಸ್ವಲ್ಪವೂ ತೂರದಿದ್ದರೆ ಅದು ಪಿಂಗಾಣಿಯೇ ಅಲ್ಲ, ಬಿಳಿ ಮಣ್ಣಿನ ಪಾತ್ರೆ ಇರಬಹುದು.

ಇದೇ ಬೆಳಕಿನಲ್ಲಿ ಕೂದಲೆಳೆಯ ಸೀಳುಗಳೂ ಕಾಣುತ್ತವೆ. ಸೀಳಿನಲ್ಲಿ ಎರಡು ಬಗೆ. ಆವಿಗೆಯಲ್ಲಿ ಬೇಯುವಾಗಲೇ ಬಿಟ್ಟ ಸೀಳಿನ ಬಾಯಿ ಸ್ವಲ್ಪ ತೆರೆದಿರುತ್ತದೆ, ಒಳಗೆ ಮೆರುಗು ಇಳಿದಿರುತ್ತದೆ. ಅದು ಹುಟ್ಟುಮಚ್ಚೆ, ಅದಕ್ಕೆ ಬೆಲೆ ಅಷ್ಟೇನೂ ಇಳಿಯದು. ಆಮೇಲೆ ಪೆಟ್ಟು ತಿಂದು ಬಿಟ್ಟ ಸೀಳು ಸಣ್ಣ ಗೆರೆ, ಅದರಲ್ಲಿ ಕೊಳೆ ಕೂತು ಕಂದಾಗಿರುತ್ತದೆ. ಬೆಲೆ ಇಳಿಸುವುದು ಅದು.

ಹೆಜ್ಜೆ 3: ಕೈಯಿಂದ ಬಿಡಿಸಿದ್ದೋ, ಅಚ್ಚೊತ್ತಿದ್ದೋ?

ಈ ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ. ಬೆಲೆಯೆಲ್ಲ ಇರುವುದು ಇಲ್ಲೇ.

10 ಪಟ್ಟು ದೊಡ್ಡದಾಗಿ ತೋರಿಸುವ ಚಿನಿವಾರರ ಭೂತಗನ್ನಡಿ ಒಂದು ಕೊಂಡುಕೊಳ್ಳಿ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಹೂದಾನಿಯನ್ನು ಅದರ ಹತ್ತಿರ ತನ್ನಿ. ಒಂದು ದಳವನ್ನೋ ಎಲೆಯನ್ನೋ ಆರಿಸಿಕೊಳ್ಳಿ. ಕುಂಚದಿಂದ ಬಿಡಿಸಿದ್ದಾದರೆ ಎಳೆ ಶುರುವಾದ ಕಡೆ ದಪ್ಪ, ಮುಗಿದ ಕಡೆ ಸಣ್ಣ. ಅಂಚಿನಲ್ಲಿ ಬಣ್ಣ ಸ್ವಲ್ಪ ಗುಪ್ಪೆಯಾಗಿ ನಿಂತಿರುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಹಾದುಹೋಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬಣ್ಣದ ಹೊಳಪು ಮೆರುಗಿನ ಹೊಳಪಿಗಿಂತ ಬೇರೆ. ಬೆರಳ ತುದಿಗೆ ಕೊಂಚ ಉಬ್ಬು ತಾಗುತ್ತದೆ.

ಅಚ್ಚಿನದ್ದಾದರೆ ಬೇರೆಯೇ ಕಥೆ. ವುಸ್ಟರ್‌ನಲ್ಲಿ 1750ರ ದಶಕದ ಕೊನೆಗೇ ತಾಮ್ರದ ತಗಡಿನಲ್ಲಿ ಕೊರೆದು, ತೆಳು ಕಾಗದದ ಮೇಲೆ ಮಸಿ ತೆಗೆದು, ಪಾತ್ರೆಗೆ ಅಂಟಿಸುವ ಕೆಲಸ ನಡೆದಿತ್ತು. ಅದರಲ್ಲಿ ಕಾಣುವುದು ಒಂದೇ ದಪ್ಪದ ಗೆರೆಗಳು, ಅಡ್ಡಗೆರೆಗಳ ಜಾಲ. ಹೊಸ ಕಾಲದ ಅಚ್ಚಾದರೆ ಹಳೆ ಪತ್ರಿಕೆಯ ಫೋಟೊದಲ್ಲಿ ಕಾಣುವಂಥ ಚುಕ್ಕೆಗಳ ರಾಶಿ. ಕೆಲವು ಕಡೆ ಕಾಗದ ಜೋಡಿಸಿದ ಕೀಲು, ಮಡಿಕೆ ಬಿದ್ದ ಸುಕ್ಕು ಕೂಡ ಸಿಗುತ್ತದೆ.

ಇವೆರಡರ ನಡುವೆ ಮೂರನೆಯದೊಂದು ಇದೆ. ನಾನು ಬಿದ್ದದ್ದು ಅಲ್ಲೇ. ನನ್ನ ಹತ್ತಿರ ಕೆನೆಬಣ್ಣದ ಒಂದು ವುಸ್ಟರ್ ಹೂದಾನಿ ಇದೆ. ಒಂದು ಗೇಣಿಗಿಂತ ಗಿಡ್ಡ. ಮೇಲೆ ಕಾಡುಹೂವಿನ ಗೊಂಚಲು. "ಪೂರ್ತಿ ಕೈಕೆಲಸ" ಎಂದು ಮಾರಿದವರು ಹೇಳಿದ್ದರು. ನಾನೂ ಬಣ್ಣ ಉಬ್ಬಿದ್ದನ್ನು ಮುಟ್ಟಿ ನೋಡಿ ನಂಬಿದೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ, ಪ್ರತಿ ದಳದ ಸುತ್ತ ಕಂದು ಬಣ್ಣದ ಸಣ್ಣ ಗೆರೆ. ಶುರುವಿನಿಂದ ಕೊನೆಯವರೆಗೂ ಒಂದೇ ದಪ್ಪ. ಒಂದು ಕಡೆ ಹಳದಿ ಬಣ್ಣ ಆ ಗೆರೆಯನ್ನು ದಾಟಿ ಆಚೆ ಚೆಲ್ಲಿದೆ. ಅಂದರೆ ಗೆರೆ ಅಚ್ಚಿನದು, ಒಳಗೆ ತುಂಬಿದ ಬಣ್ಣ ಕೈಯದು. ರಂಗೋಲಿ ಅಚ್ಚು ಒತ್ತಿ ಒಳಗೆ ಬಣ್ಣ ತುಂಬಿದ ಹಾಗೆ. ಇದು ಮೋಸದ ಮಾಲೇನಲ್ಲ. ಆ ಕಾಲದಲ್ಲಿ ಕಾರ್ಖಾನೆಗಳೇ ಬೆಲೆ ಕಡಿಮೆ ಮಾಡಲು ಹೀಗೆ ಮಾಡುತ್ತಿದ್ದವು. ಆದರೆ ಪೂರ್ತಿ ಕೈಚಿತ್ರದ ಬೆಲೆ ಇದಕ್ಕೆ ಕೊಡಬಾರದು. ನಾನು ಕೊಟ್ಟಿದ್ದೆ.

ಕೈಚಿತ್ರದಲ್ಲೂ ಕೈಯಿಂದ ಕೈಗೆ ವ್ಯತ್ಯಾಸ ಇದೆ. ಗುಲಾಬಿಯನ್ನೇ ತೆಗೆದುಕೊಳ್ಳಿ. ವಿಲಿಯಂ ಬಿಲಿಂಗ್ಸ್ಲಿ ಎಂಬ ಹೂವಿನ ಕಲಾವಿದ 1774ರಲ್ಲಿ ಡಾರ್ಬಿಗೆ ಹುಡುಗನಾಗಿ ಕೆಲಸ ಕಲಿಯಲು ಸೇರಿದ. ಅವನಿಗಿಂತ ಮುಂಚೆ, ದಳದ ಮೇಲೆ ಬೆಳಕು ಬಿದ್ದ ಜಾಗ ತೋರಿಸಬೇಕಾದರೆ ಅಲ್ಲಿ ಬಣ್ಣ ಹಚ್ಚದೆ ಬಿಡುತ್ತಿದ್ದರು. ಇವನು ದಳದ ತುಂಬ ಬಣ್ಣ ಹಚ್ಚಿ, ಒಣಗುವ ಮುಂಚೆ ಕುಂಚದಿಂದ ಒರೆಸಿ ತೆಗೆಯುತ್ತಿದ್ದ. ಕೆಳಗಿನ ಬಿಳಿ ಪಿಂಗಾಣಿ ಇಣುಕುತ್ತಿತ್ತು. ಹಾಗಾಗಿ ಅವನ ಗುಲಾಬಿಯಲ್ಲಿ ಬೆಳಕಿನಿಂದ ನೆರಳಿಗೆ ಗೆರೆಯಿಲ್ಲದೆ ಜಾರುತ್ತದೆ. ಒಮ್ಮೆ ಇದನ್ನು ಕಣ್ಣಾರೆ ನೋಡಿದವರು ಮತ್ತೆ ಮರೆಯುವುದಿಲ್ಲ. ಅವನನ್ನು ನೋಡಿ ಕಲಿತವರು ತುಂಬ ಜನ. ಆದ್ದರಿಂದ ಅಂಥ ಗುಲಾಬಿ ಕಂಡ ಕೂಡಲೇ ಇದು ಬಿಲಿಂಗ್ಸ್ಲಿಯದೇ ಎಂದು ಹಾರಬೇಡಿ.

ವುಸ್ಟರ್‌ನ 20ನೇ ಶತಮಾನದ ಹೂದಾನಿಗಳಲ್ಲಿ ಸ್ಟಿಂಟನ್ ಮನೆತನದವರ ಹೆಸರು ಜಾಸ್ತಿ ಕೇಳುತ್ತೀರಿ. ಜಾನ್ ಮತ್ತು ಅವನ ಮಗ ಹ್ಯಾರಿ ಸ್ಕಾಟ್ಲೆಂಡಿನ ಗುಡ್ಡದಲ್ಲಿ ಮಂಜಿನ ನಡುವೆ ನಿಂತ ಜೂಲು ಕೂದಲಿನ ದನಗಳನ್ನು ಬಿಡಿಸುತ್ತಿದ್ದರು. ಜಾನ್‌ನ ತಮ್ಮ ಜೇಮ್ಸ್ ಕಾಡುಕೋಳಿ ಜಾತಿಯ ಬೇಟೆ ಹಕ್ಕಿಗಳಿಗೆ ಹೆಸರಾದವನು. ಕುರಿಗಳಿಗೆ, ಭೂದೃಶ್ಯಗಳಿಗೆ ಹ್ಯಾರಿ ಡೇವಿಸ್. ನೀಲಿ ಆಕಾಶದಲ್ಲಿ ಹಾರುವ ಹಂಸಗಳಿಗೆ ಚಾರ್ಲ್ಸ್ ಬಾಲ್ಡ್ವಿನ್. ಡಾರ್ಬಿಯ ದುಬಾರಿ ಕೆಲಸಕ್ಕೆ ಫ್ರಾನ್ಸಿನಿಂದ ಬಂದ ದೆಸಿರೆ ಲೆರ್ವಾ. ವುಸ್ಟರ್‌ನಲ್ಲಿ ಚಿತ್ರಕ್ಕೆ ಸಹಿ ಹಾಕುವುದು ರೂಢಿಯಾದದ್ದು ಸುಮಾರು 1900ರ ನಂತರ. ಸಹಿಯನ್ನೂ ಭೂತಗನ್ನಡಿಯಲ್ಲಿ ನೋಡಿ. ಅದು ಚುಕ್ಕೆಗಳಿಂದ ಆಗಿದ್ದರೆ ಸಹಿಯೂ ಅಚ್ಚಿನದೇ.

ಹೆಜ್ಜೆ 4: ಚಿನ್ನ ಮತ್ತು ಸವೆತ

ಬಾಯಿಯ ಅಂಚು, ಕಿವಿ, ಪಾದ ಈ ಮೂರು ಕಡೆ ಚಿನ್ನ ಇರುತ್ತದೆ. 18ನೇ ಶತಮಾನದ ಚೆಲ್ಸಿಯಲ್ಲಿ ಚಿನ್ನದ ರೇಕನ್ನು ಜೇನುತುಪ್ಪದಲ್ಲಿ ಅರೆದು ಹಚ್ಚುತ್ತಿದ್ದರು. ಅದು ದಪ್ಪ, ಮೃದು, ಹೊಳಪು ಮಂದ. ಆಮೇಲೆ ಪಾದರಸದಲ್ಲಿ ಬೆರೆಸಿ ಹಚ್ಚುವುದು ಬಂತು. ಹೊಳಪು ಜಾಸ್ತಿ, ಲೇಪ ತೆಳು. ಅಗ್ಗದ ಮಾಲಿಗೆ ಹಚ್ಚುವ ದ್ರವ ಚಿನ್ನ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ಉಜ್ಜಿದ ಹಾಗೆ ಪಳಪಳ ಅನ್ನುತ್ತದೆ. ಎರಡು ಬಗೆ ಪಕ್ಕಪಕ್ಕ ಇಟ್ಟು ನೋಡಿದರೆ ಹೇಳಿಕೊಡುವುದೇ ಬೇಡ.

ನೂರು ವರ್ಷ ಒರೆಸಿ ಎತ್ತಿಟ್ಟ ಹೂದಾನಿಯಲ್ಲಿ ಚಿನ್ನ ಸವೆದಿರಬೇಕು, ಅದೂ ಕೈ ತಾಗುವ ಕಡೆಯೇ. ಕಿವಿಯ ಹೊರಬದಿ ಸವೆದು ಒಳಬದಿ ಹೊಸದಾಗಿದ್ದರೆ ನನಗೆ ಸಮಾಧಾನ. ಕೈಯೇ ಹೋಗದ ಮೂಲೆಯಲ್ಲಿ ಚಿನ್ನ ಸವೆದು, ಹಿಡಿಯುವ ಕಡೆ ಗಟ್ಟಿಯಾಗಿದ್ದರೆ ಅನುಮಾನ. ಒಂದೋ ಮತ್ತೆ ಹಚ್ಚಿದ್ದಾರೆ, ಇಲ್ಲವೇ ಬೇಕೆಂದೇ ಸವೆಸಿದ್ದಾರೆ.

ಹೆಜ್ಜೆ 5: ರಿಪೇರಿ ಹುಡುಕಿ

ರಿಪೇರಿ ಇರುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಕಿವಿಯ ಬುಡ, ಕಂಠ, ಬಾಯಿಯ ಅಂಚು, ಮುಚ್ಚಳದ ಮೊಗ್ಗು, ಪಾದ ಸೇರುವ ಜಾಗ ಇಲ್ಲೆಲ್ಲ ಬೆರಳಾಡಿಸಿ. ಮೆರುಗಿನ ನುಣುಪು ಒಂದು ಕಡೆ ಇದ್ದಕ್ಕಿದ್ದಂತೆ ಜಿಗುಟೋ ಮೊಂಡೋ ಅನಿಸಿದರೆ ಅಲ್ಲಿ ಬಣ್ಣ ಬಳಿದಿದ್ದಾರೆ.

ಇಲ್ಲಿಯ ಹಳಬರು ಅನುಮಾನದ ಜಾಗವನ್ನು ಹಲ್ಲಿಗೆ ತಾಗಿಸಿ ನೋಡುತ್ತಾರೆ. ಪಿಂಗಾಣಿ ಗಾಜಿನ ಹಾಗೆ ಕಟಕ್ ಅನ್ನುತ್ತದೆ, ರಿಪೇರಿಯ ಅಂಟು ಮೆತ್ತಗೆ. ನನಗೆ ಎಂಜಲು ಅನ್ನುವ ಸಂಕೋಚ ಇನ್ನೂ ಹೋಗಿಲ್ಲ. ಕಂಡವರ ಮನೆಯ ಹೂದಾನಿಯನ್ನು ಬಾಯಿಗಿಡುವುದು ಹೇಗೆ? ನಾನು ಕೆನ್ನೆಗೆ ತಾಗಿಸುತ್ತೇನೆ. ಪಿಂಗಾಣಿ ತಣ್ಣಗಿರುತ್ತದೆ, ಅಂಟು ಅಷ್ಟು ತಣ್ಣಗಿರುವುದಿಲ್ಲ.

ಇನ್ನೂ ಒಳ್ಳೆಯದು ಯು.ವಿ. ಟಾರ್ಚ್. ನೋಟು ಪರೀಕ್ಷೆಗೆ ಬಳಸುತ್ತಾರಲ್ಲ, ಅಂಥದ್ದು. ಕತ್ತಲಲ್ಲಿ ಹಿಡಿದರೆ ರಿಪೇರಿಯಾದ ಜಾಗ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಈಚಿನ ಕೆಲವು ರಿಪೇರಿ ಸಾಮಗ್ರಿ ಹೊಳೆಯದೆ ತಪ್ಪಿಸಿಕೊಳ್ಳುವುದೂ ಉಂಟು.

ಜೋಡಿ ಹೂದಾನಿಯಾದರೆ ಎರಡನ್ನೂ ಬೇರೆಬೇರೆಯಾಗಿ ನೋಡಿ. ನಿಜವಾದ ಜೋಡಿಯಲ್ಲಿ ಚಿತ್ರಗಳು ಒಂದಕ್ಕೊಂದು ಮುಖ ಮಾಡಿರುತ್ತವೆ. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಒಡೆದುಹೋದ ಎರಡು ಜೋಡಿಗಳಿಂದ ಉಳಿದವನ್ನು ಕೂಡಿಸಿರಬಹುದು. ಬೇರೆ ಹೂದಾನಿಯ ಮುಚ್ಚಳ ಕೂರಿಸಿದ್ದಕ್ಕೆ ಇಲ್ಲಿಯ ವ್ಯಾಪಾರಿಗಳ ಬಾಯಲ್ಲಿ 'ಮ್ಯಾರೇಜ್' ಎಂದು ಹೆಸರು. ಮುಚ್ಚಳದ ಬಿಳಿ ಮತ್ತು ಮೈಯ ಬಿಳಿ ಹೊಂದದಿದ್ದರೆ ಸಂಬಂಧ ಸರಿಯಿಲ್ಲ.

ಹೆಜ್ಜೆ 6: ಈಗ ತಿರುಗಿಸಿ

ಮೇಜಿನ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಮಲಗಿಸಿ ತಳ ನೋಡಿ.

ಮೊದಲು ಪಾದದ ಬಳೆ. ಕಪಾಟಿನಲ್ಲಿ ಆಚೀಚೆ ಸರಿದು ಸಣ್ಣ ಗೀರುಗಳು ಎತ್ತೆತ್ತಲೋ ಹೋಗಿರಬೇಕು. ಎಲ್ಲ ಗೀರೂ ಒಂದೇ ದಿಕ್ಕಿಗಿದ್ದರೆ ಉಪ್ಪುಕಾಗದದ ಕೆಲಸ. ನಡುವೆ ತೂತು ಕೊರೆದಿದ್ದರೆ ಯಾರೋ ಅದನ್ನು ವಿದ್ಯುತ್ ದೀಪದ ಬುಡ ಮಾಡಿಕೊಂಡಿದ್ದರು ಎಂದರ್ಥ. ಬೆಲೆ ತುಂಬ ಇಳಿಯುತ್ತದೆ. 18ನೇ ಶತಮಾನದ ಡಾರ್ಬಿಯ ತಳದಲ್ಲಿ ಮೂರು ನಾಲ್ಕು ಮಸುಕಾದ ದುಂಡು ಕಲೆಗಳಿರುತ್ತವೆ. ಆವಿಗೆಯಲ್ಲಿ ಜೇಡಿಯ ಉಂಡೆಗಳ ಮೇಲೆ ನಿಲ್ಲಿಸಿದ ಗುರುತು. ಇಂಥದ್ದು ಮುದ್ರೆಗಿಂತ ಹೆಚ್ಚು ಮಾತಾಡುತ್ತದೆ.

ಇನ್ನು ಮುದ್ರೆ. 18ನೇ ಶತಮಾನದ ಎಷ್ಟೋ ಒಳ್ಳೆಯ ಹೂದಾನಿಗಳಿಗೆ ಮುದ್ರೆಯೇ ಇಲ್ಲ. ಹಾಗಾಗಿ ಮುದ್ರೆ ಇಲ್ಲ ಎಂದು ಬಿಟ್ಟು ಬರಬೇಡಿ. ಇದ್ದರೆ ಕೆಲವು ಲೆಕ್ಕ ನೆನಪಿಡಿ. 'ಇಂಗ್ಲೆಂಡ್' ಎಂಬ ಪದ ಇದ್ದರೆ ಬಹುಪಾಲು 1891ರ ನಂತರದ್ದು. ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರಿರಬೇಕು ಎಂಬ ಕಾನೂನನ್ನು ಅಮೆರಿಕ ಆಗ ಜಾರಿಗೆ ತಂದಿತು, ಅದಕ್ಕಾಗಿ ಹಾಕಿದ್ದು. 'ಮೇಡ್ ಇನ್ ಇಂಗ್ಲೆಂಡ್' ಇದ್ದರೆ 20ನೇ ಶತಮಾನ. ವಜ್ರಾಕಾರದ ನೋಂದಣಿ ಗುರುತು 1842ರಿಂದ 1883ರವರೆಗೆ. 1884ರಿಂದ ಅದು ಹೋಗಿ ಬರೀ ನೋಂದಣಿ ಸಂಖ್ಯೆ ಬಂತು. ಎರಡೂ ಆಕಾರವೋ ವಿನ್ಯಾಸವೋ ನೋಂದಣಿಯಾದ ದಿನವನ್ನು ಹೇಳುತ್ತವೆ. ಹೂದಾನಿ ತಯಾರಾದ ದಿನವನ್ನಲ್ಲ. 'ಮಿಂಟನ್' ಕೊನೆಗೆ ಎಸ್ ಅಕ್ಷರ ಸೇರಿದ್ದರೆ 1873 ಅಥವಾ ಆಮೇಲಿನದು.

ವುಸ್ಟರ್‌ನ ಚುಕ್ಕೆ ಲೆಕ್ಕ ನನಗೆ ತುಂಬ ಇಷ್ಟ. 1862ರಿಂದ ಅವರ ಮುದ್ರೆ ಒಂದು ದುಂಡು, ಒಳಗೆ ನಾಲ್ಕು ಡಬ್ಲ್ಯೂ ಅಕ್ಷರ, ನಡುವೆ 51, ಮೇಲೆ ಕಿರೀಟ. 1891ರಲ್ಲಿ ಸುತ್ತಲೂ 'ರಾಯಲ್ ವುಸ್ಟರ್ ಇಂಗ್ಲೆಂಡ್' ಎಂದು ಸೇರಿಸಿದರು. 1892ರಲ್ಲಿ ಕಿರೀಟದ ಪಕ್ಕ ಒಂದು ಚುಕ್ಕೆ ಇಟ್ಟರು. ಆಮೇಲೆ ವರ್ಷಕ್ಕೊಂದು ಚುಕ್ಕೆ ಹೆಚ್ಚಿಸುತ್ತಾ ಹೋದರು. 1915ರ ಹೊತ್ತಿಗೆ 24 ಚುಕ್ಕೆ! ಮುದ್ರೆಯ ಸುತ್ತ ಜಾಗ ಸಾಲದೆ 1916ರಲ್ಲಿ ಒಂದು ನಕ್ಷತ್ರ ಹಾಕಿ ಹೊಸದಾಗಿ ಶುರುಮಾಡಿದರು. ಅಂದರೆ 1891ಕ್ಕೆ ಚುಕ್ಕೆಗಳ ಸಂಖ್ಯೆ ಕೂಡಿಸಿ, ವರ್ಷ ಸಿಕ್ಕಿತು. ನನ್ನ ಕೆನೆಬಣ್ಣದ ಹೂದಾನಿಗೆ 14 ಚುಕ್ಕೆ. 1905. ಎಣಿಸುವಾಗ ಚುಕ್ಕಿ ರಂಗೋಲಿ ಇಡಲು ಕೂತ ಹಾಗೆ ಎರಡೆರಡು ಸಲ ತಪ್ಪಿದೆ. ಕಿರೀಟದ ಅಕ್ಕಪಕ್ಕದವನ್ನು ಎಣಿಸಿ, ಕೆಳಗಿನ ಸಾಲನ್ನು ಮರೆತಿದ್ದೆ.

ಹೊಸಬರು ಮುಗ್ಗರಿಸುವ ಇನ್ನೊಂದು ಜಾಗ ಇದೆ. ಮುದ್ರೆಯಲ್ಲಿ ಕಾಣುವ ಇಸವಿ ಹೂದಾನಿಯ ಹುಟ್ಟಿದ ವರ್ಷ ಅಲ್ಲ. ವುಸ್ಟರ್‌ನ 51 ಎಂದರೆ ಕಾರ್ಖಾನೆ ಶುರುವಾದ 1751. ಕೋಲ್‌ಪೋರ್ಟಿನ ಮುದ್ರೆಯಲ್ಲಿ 'ಎ.ಡಿ. 1750' ಎಂದಿರುತ್ತದೆ. ಆ ಮುದ್ರೆ ಒತ್ತಿದ ಮಾಲು 19ನೇ ಶತಮಾನದ ಕೊನೆಯದು ಅಥವಾ ಆಮೇಲಿನದು. ಬೋರ್ಡಿನ ಮೇಲೆ 'ಸ್ಥಾಪನೆ 1924' ಎಂದು ಬರೆದ ಹೋಟೆಲಿನಲ್ಲಿ ಇಡ್ಲಿ ಇವತ್ತು ಬೆಳಿಗ್ಗೆಯದೇ ತಾನೇ?

ನಕಲಿನ ಮಾತು ಬಂದರೆ ಪ್ಯಾರಿಸ್ಸಿನ ಸ್ಯಾಮ್ಸನ್ ಹೆಸರು ಬರಲೇಬೇಕು. 19ನೇ ಶತಮಾನದಲ್ಲಿ ಇವರು ಚೆಲ್ಸಿ, ವುಸ್ಟರ್, ಡಾರ್ಬಿಯ ಹಳೆ ಮಾಲಿನ ಪ್ರತಿಗಳನ್ನು ಮಾಡುತ್ತಿದ್ದರು. ಸೊಗಸಾದ ಕೆಲಸ. ಆದರೆ ಜೇಡಿ ಫ್ರಾನ್ಸಿನ ಗಟ್ಟಿ ಪಿಂಗಾಣಿಯದು, ಬಿಳಿ ಸ್ವಲ್ಪ ಬೂದು, ಮೆರುಗು ಗಾಜಿನಂತೆ ಬಿಗಿ. ಚೂರು ಎದ್ದ ಜಾಗವಿದ್ದರೆ ಅಲ್ಲಿ ನೋಡಿ. ಗಟ್ಟಿ ಪಿಂಗಾಣಿ ಗಾಜು ಒಡೆದ ಹಾಗೆ ನುಣ್ಣಗೆ ಒಡೆದಿರುತ್ತದೆ. ಹಳೆ ಇಂಗ್ಲಿಷ್ ಮೃದು ಪಿಂಗಾಣಿ ಸಕ್ಕರೆ ಅಚ್ಚಿನ ಹಾಗೆ ತರಿತರಿ. ಚೆಲ್ಸಿಯ ಚಿನ್ನದ ಲಂಗರು ಮುದ್ರೆ ಅಸಲಿಯಲ್ಲಿ ತುಂಬ ಪುಟ್ಟದು, ಹುಡುಕಿ ನೋಡಬೇಕು. ದೊಡ್ಡದಾಗಿ ಎದ್ದು ಕಾಣುವ ಲಂಗರು ಇದ್ದರೆ ಅದು ನಿಮಗಾಗಿಯೇ ಹಾಕಿದ್ದು.

ಹೆಜ್ಜೆ 7: ಬೆಲೆ ಮಾತಾಡುವಾಗ

ಕೊಳ್ಳುವ ಮುಂಚೆ ಒಂದೆರಡು ದಿನ ಮ್ಯೂಸಿಯಂ ಸುತ್ತಿ. ವುಸ್ಟರ್ ಊರಿನಲ್ಲಿ ಹಳೆ ಕಾರ್ಖಾನೆಯ ಜಾಗದಲ್ಲೇ ರಾಯಲ್ ವುಸ್ಟರ್ ಮ್ಯೂಸಿಯಂ ಇದೆ. ಸ್ಟೋಕ್‌ನಲ್ಲಿ ಪಾಟರೀಸ್ ಮ್ಯೂಸಿಯಂ. ಲಂಡನ್ನಿನಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮೇಲಿನ ಮಹಡಿ ಪೂರ್ತಿ ಪಿಂಗಾಣಿ, ಮಣ್ಣಿನ ಪಾತ್ರೆಗಳದೇ, ನೋಡಲು ಟಿಕೆಟ್ ಇಲ್ಲ. ಗಾಜಿನ ಆಚೆಯಿಂದಲೇ ಆದರೂ ಅಸಲಿ ಬಿಳಿ ಯಾವುದು ಎಂದು ಕಣ್ಣಿಗೆ ರೂಢಿಯಾಗಬೇಕು. ಊರಿನ ಕಡೆಯವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಯುರೋಪಿನ ಪಿಂಗಾಣಿ ನೋಡಲು ಸಿಗುತ್ತದೆ.

ಹರಾಜಿನಲ್ಲಿ ಕೊಳ್ಳುವುದಾದರೆ ಕೂಗು ನಿಂತ ಬೆಲೆಯೇ ಕೊನೆಯದಲ್ಲ. ಅದರ ಮೇಲೆ ಹರಾಜು ಮನೆಯವರು ಸಾಮಾನ್ಯವಾಗಿ ನೂರಕ್ಕೆ 20ರಿಂದ 30ರಷ್ಟು ಸೇರಿಸುತ್ತಾರೆ, ಅದಕ್ಕೆ ತೆರಿಗೆ ಬೇರೆ. ಪಟ್ಟಿಯಲ್ಲಿ 'ಎ.ಎಫ್.' ಎಂದಿದ್ದರೆ 'ಹೇಗಿದೆಯೋ ಹಾಗೆ' ಎಂದರ್ಥ, ಎಲ್ಲೋ ಏನೋ ಒಡೆದಿದೆ. 'ವುಸ್ಟರ್ ಸ್ಟೈಲ್' ಎಂದಿದ್ದರೆ ವುಸ್ಟರ್ ಅಲ್ಲ. ಮುಂಚೆಯೇ ಬರೆದು ಕೇಳಿ, ಸ್ಥಿತಿಯ ವರದಿ ಕಳಿಸುತ್ತಾರೆ. ಅಂಗಡಿಯಲ್ಲಾದರೆ ಬಿಲ್ಲಿನ ಮೇಲೆ ಕಾರ್ಖಾನೆ, ಅಂದಾಜು ಕಾಲ, ರಿಪೇರಿ ಇದೆಯೋ ಇಲ್ಲವೋ ಎಂದು ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಹೆಜ್ಜೆ 8: ಮನೆಗೆ ತಂದ ಮೇಲೆ

ಡಿಶ್‌ವಾಶರ್ ಬೇಡವೇ ಬೇಡ. ಬಣ್ಣ ಮತ್ತು ಚಿನ್ನ ಮೆರುಗಿನ ಮೇಲೆ ಕೂತಿವೆ. ಪಾತ್ರೆ ಬೆಂದು ಮೆರುಗು ಆದ ಮೇಲೆ ಅವನ್ನು 700ರಿಂದ 800 ಡಿಗ್ರಿಯ ಕಡಿಮೆ ಶಾಖದಲ್ಲಿ ಮತ್ತೆ ಮತ್ತೆ ಬೇಯಿಸಿ ಕೂರಿಸಿದ್ದು. ಉಜ್ಜಿದರೆ ಹೋಗುತ್ತವೆ. ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚನೆ ನೀರಿಗೆ ಒಂದು ಹನಿ ಸೋಪು ಹಾಕಿ, ಮೃದು ಕುಂಚದಿಂದ ತೊಳೆಯಿರಿ. ಬ್ಲೀಚ್, ಸ್ಕ್ರಬ್ಬರ್, ನಲ್ಲಿಯ ಕೆಳಗೆ ಹಿಡಿಯುವುದು ಯಾವುದೂ ಬೇಡ. ಬಿರುಕಿರುವುದನ್ನು, ರಿಪೇರಿಯಾದದ್ದನ್ನು ನೀರಲ್ಲಿ ಮುಳುಗಿಸಬೇಡಿ. ಒದ್ದೆ ಬಟ್ಟೆ ಸಾಕು.

ಹೂ ಇಡಬೇಕು ಎಂದು ಆಸೆಯಾದರೆ ಒಳಗೆ ಒಂದು ಗಾಜಿನ ಲೋಟ ಇಳಿಸಿ, ನೀರು ಅದರಲ್ಲಿರಲಿ. ಬಿಸಿಲಿಗೆ ಹೆದರಬೇಕಿಲ್ಲ. ಬೆಂಕಿಯಲ್ಲಿ ಬೆಂದ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಆದರೆ ರಿಪೇರಿಯ ಬಣ್ಣ ಹಳದಿಯಾಗುತ್ತದೆ. ಹೇಳದೆ ಮಾರಿದ ಎಷ್ಟೋ ರಿಪೇರಿಗಳು ಒಂದೆರಡು ವರ್ಷದಲ್ಲಿ ಕಿಟಕಿಯ ಪಕ್ಕ ತಾವಾಗಿಯೇ ಬಯಲಾಗುತ್ತವೆ.

ಊರಿಗೆ ಒಯ್ಯುವುದಾದರೆ

ಬಿಲ್ಲು ಜೊತೆಗಿರಲಿ, ಕಸ್ಟಮ್ಸ್‌ನಲ್ಲಿ ಕೇಳಿದರೆ ತೋರಿಸಿ. ತಿರುಗಿ ಹೊರಗೆ ತರುವ ಯೋಚನೆ ಇದ್ದರೆ ಇನ್ನೊಂದು ವಿಷಯ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ, ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಅನುಮತಿ ಇಲ್ಲದೆ ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಇಂಗ್ಲಿಷ್ ಹೂದಾನಿಯನ್ನು ಲಂಡನ್ನಿನಲ್ಲಿ ಮಾರೋಣ ಎಂದು ಸೂಟ್‌ಕೇಸಿಗೆ ತುಂಬುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಕಟ್ಟುವ ಕ್ರಮ ಹೀಗೆ. ಮೊದಲು ಬಿಳಿ ಟಿಶ್ಯೂ ಕಾಗದ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಬಬಲ್ ರ‍್ಯಾಪ್ ನೇರವಾಗಿ ಚಿನ್ನಕ್ಕೆ ತಾಗಬಾರದು, ಗುಳ್ಳೆಗಳ ಗುರುತು ಉಳಿಯುತ್ತದೆ. ಕಿವಿಯ ಸಂದಿಗೆ ಟಿಶ್ಯೂ ಉಂಡೆ ಮಾಡಿ ತುಂಬಿ, ಒಳಗೂ ಮೆತ್ತಗೆ ತುಂಬಿ. ಆಮೇಲೆ ಬಬಲ್ ರ‍್ಯಾಪ್, ಆಮೇಲೆ ಡಬ್ಬ, ಆ ಡಬ್ಬವನ್ನು ಇನ್ನೊಂದು ದೊಡ್ಡ ಡಬ್ಬದೊಳಗೆ ಸುತ್ತ ಮೂರು ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ಕೈಚೀಲದಲ್ಲೇ ಒಯ್ಯಿರಿ, ಕೆಳಗೆ ಹಾಕುವ ಲಗೇಜಿನಲ್ಲಿ ಬೇಡ. ಮುಚ್ಚಳವನ್ನು ಬೇರೆಯಾಗಿ ಸುತ್ತಿ ಬೇರೆ ಡಬ್ಬದಲ್ಲಿಡಿ. ಎರಡೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕನ್ನಡದಲ್ಲೇ ಬರೆಯಿರಿ: 'ಮುಚ್ಚಳ ಬೇರೆ ಇದೆ.' ಊರಿನಲ್ಲಿ ಬಿಚ್ಚುವವರು ನೀವಲ್ಲ, ಅಮ್ಮ. ಅವರೂ ಮೊದಲು ಮಾಡುವ ಕೆಲಸ ತಲೆಕೆಳಗು ಮಾಡಿ ನೋಡುವುದೇ.